ಹಿಂಗಾರು ಹಂಗಾಮಿನಲ್ಲಿ ಕೆರೆಯ ಹಕ್ಕಿಗಳ ವೀಕ್ಷಣೆ
(ರೈತ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನು ಕಟ್ಟಿದ್ದು ನೀರಾವರಿಗಾಗಿ. ಮಳೆಯ ನೀರೇ ಅದಕ್ಕೆ ಆಧಾರ. ವಿಸ್ತಾರ ಸುಮಾರು 50 ಹೆಕ್ಟೇರು. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಹಿಂಗಾರು ಜೋಳ, ಕಡಲೆಗಳ ಬಿತ್ತನೆ ಮುಗಿಯುವ ಹೊತ್ತಿಗೆ, ಕಾರ್ತೀಕ ಮಾಸದ ಸುಮಾರಿಗೆ, ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗೆ ಬರತೊಡಗುತ್ತವೆ. ಬೂದು ಮೈ, ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ, ಇವೇ ಅವುಗಳ ಗುರುತು.

ಹಕ್ಕಿ ನೋಡುವುದು ಪೇಟೆಯವರ ಹವ್ಯಾಸವೆಂಬ ಭಾವನೆ ಹಲವರಲ್ಲಿದೆ. ಆದರೆ ಈ ಹೆಬ್ಬಾತುಗಳು ಹಗಲು ಕೆರೆಯಲ್ಲಿ ವಿಶ್ರಮಿಸಿ, ರಾತ್ರಿ ಹೊಲಗಳಿಗಿಳಿದು ಎಳೆಯ ಪೈರನ್ನೂ ಕಾಳನ್ನೂ ಮೇಯುತ್ತವೆ. ಆದ್ದರಿಂದ ಕೆರೆಯ ಸುತ್ತಲಿನ ರೈತರಿಗೆ ಇದು ಬೆಳೆಯ ಪ್ರಶ್ನೆ.

ಹೊತ್ತು ಮೂಡುವ ಮೊದಲೇ ಏರಿಯ ಮೇಲೆ ನಿಂತರೆ ಹಕ್ಕಿಗಳ ಗುಂಪುಗಳು ಯಾವ ದಿಕ್ಕಿನಿಂದ ಕೆರೆಗೆ ಮರಳುತ್ತವೆಂಬುದು ಕಾಣುತ್ತದೆ. ರಾತ್ರಿ ಅವು ಮೇಯ್ದ ಹೊಲಗಳು ಸಾಮಾನ್ಯವಾಗಿ ಆ ಕಡೆಗೇ ಇರುತ್ತವೆ. ವಾರಕ್ಕೊಮ್ಮೆ ನಾಲ್ಕಾರು ರೈತರು ಕೂಡಿ ಏರಿಯ ಮೇಲೆ ಸುತ್ತಾಡಿ, ದಿನಾಂಕ, ದಿಕ್ಕು ಮತ್ತು ಅಂದಾಜು ಸಂಖ್ಯೆಯನ್ನು ಬರೆದಿಡಬೇಕು. ಯಾವ ಹೊಲಕ್ಕೆ ಯಾವಾಗ ಕಾವಲು ಬೇಕೆಂಬುದು ಇದರಿಂದ ತಿಳಿಯುತ್ತದೆ. ನಷ್ಟವಾದಾಗ ಅಧಿಕಾರಿಗಳ ಮುಂದಿಡಲು ಈ ಲೆಕ್ಕವೇ ಆಧಾರ.

ಮನೆಗೆ ಮರಳುವಾಗ ಹೊಲಗಳ ಹಕ್ಕಿಗಳನ್ನೂ ಗಮನಿಸಬೇಕು. ಉಳುಮೆಯ ಹಿಂದೆ ಬರುವ ಬೆಳ್ಳಕ್ಕಿ ಮಣ್ಣಿನಿಂದ ಹೊರಬಿದ್ದ ಹುಳುಗಳನ್ನು ಹೆಕ್ಕುತ್ತದೆ. ಕಾಜಾಣ, ಗೊರವಂಕಗಳು ಕಡಲೆಯ ಕಾಯಿಕೊರಕ ಹುಳುವನ್ನು ತಿನ್ನುತ್ತವೆ. ಇವು ಕೂರಲು ಎಕರೆಗೆ ಸುಮಾರು 20 ಕವಲು ಕೋಲುಗಳನ್ನು ನೆಟ್ಟರೆ ಖರ್ಚಿಲ್ಲದೆ ಕೀಟ ಹತೋಟಿಗೆ ನೆರವಾಗುತ್ತದೆ.

ಬೆಳೆ ಹಾಳಾದ ಸಿಟ್ಟಿನಲ್ಲಿ ವಿಷದ ಕಾಳು ಚೆಲ್ಲುವುದು ಸರ್ವಥಾ ಸಲ್ಲದು. ವಿಷಕ್ಕೆ ಹೆಬ್ಬಾತು, ಕಾಜಾಣ, ಮನೆಯ ಕೋಳಿ ಎಂಬ ಭೇದವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧವೂ ಹೌದು. ಬೀಜೋಪಚಾರ ಮಾಡಿದ ಬೀಜ ಹೊಲದಲ್ಲಿ ಚೆಲ್ಲಿದ್ದರೆ ಮಣ್ಣು ಮುಚ್ಚಬೇಕು. ಸಿಂಪಡಣಾ ಯಂತ್ರವನ್ನು ಕೆರೆಯಲ್ಲಿ ತೊಳೆಯಬಾರದು, ದನಗಳು ಕುಡಿಯುವುದೂ ಅದೇ ನೀರನ್ನು. ಪೈರು ಎಳೆಯದಾಗಿರುವಷ್ಟು ದಿನ ರಾತ್ರಿ ಕಾವಲು, ಸದ್ದು ಮತ್ತು ದೀಪದ ಬೆಳಕಿನಿಂದ ಹಕ್ಕಿಗಳನ್ನು ಎಬ್ಬಿಸುವುದೇ ಲೇಸು.

ಬೇಸಿಗೆ ಬರುವ ಹೊತ್ತಿಗೆ ಹೆಬ್ಬಾತುಗಳು ಹಿಂದಿರುಗುತ್ತವೆ. ರೈತರು ಬರೆದಿಟ್ಟ ಲೆಕ್ಕ ಊರಿನಲ್ಲೇ ಉಳಿದು, ಮುಂದಿನ ವರ್ಷದ ಬಿತ್ತನೆಗೂ ಕಾವಲಿಗೂ ದಾರಿ ತೋರಿಸುತ್ತದೆ. ಬರುವ ವಾರವೇ ಈ ಕೆಲಸ ಆರಂಭವಾಗಲಿ.