ಹಳೇ ಕಂಪ್ಯೂಟರ್ ಗುಜರಿಗೆ ಹಾಕೋ ಮುಂಚೆ ಒಂದ್ಸಲ ಬಿಚ್ಚಿ ನೋಡಿ

ಕಂಪ್ಯೂಟರನ್ನ ನಾವೇ ಜೋಡಿಸೋದು, ಇರೋದನ್ನೇ ಅಪ್‌ಗ್ರೇಡ್ ಮಾಡೋದು, ಇದನ್ನ ಹವ್ಯಾಸವಾಗಿ ಶುರು ಮಾಡೋದು ಹೇಗೆ ಅನ್ನೋದು ಇವತ್ತಿನ ವಿಷಯ.

ಹೊಸಬರು ಮೊದಲು ಕೇಳೋದು ಒಂದೇ ಪ್ರಶ್ನೆ: "ಸರ್, ಇಷ್ಟು ಬಜೆಟ್ ಇದೆ, ಯಾವ ಪಾರ್ಟ್ಸ್ ತಗೊಳ್ಳಲಿ?" ನಾನು ಹೇಳೋದು, ಸದ್ಯಕ್ಕೆ ಏನೂ ತಗೋಬೇಡಿ. ಮನೆಯ ಮೂಲೇಲಿ ಧೂಳು ಹಿಡಿದು ಕೂತಿರೋ ಹಳೇ ಡೆಸ್ಕ್‌ಟಾಪ್ ಇದ್ಯಲ್ಲ, ಅದರಿಂದಲೇ ಶುರು ಮಾಡಿ. ಕಲಿಯೋಕೆ ಅದಕ್ಕಿಂತ ಒಳ್ಳೇ ಮೇಷ್ಟ್ರು ಇಲ್ಲ.

ಇದನ್ನ ಈಗ ಹೇಳೋಕೆ ಇನ್ನೊಂದು ಕಾರಣ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡ್ತಿದ್ದ ಸಾಮಾನ್ಯ ಬೆಂಬಲ ಮುಗೀತು. ವಿಂಡೋಸ್ 11 ನೋಡಿದ್ರೆ ಟಿಪಿಎಂ 2.0 ಇರ್ಬೇಕು ಅನ್ನುತ್ತೆ, ಇಂಟೆಲ್ ಆದ್ರೆ ಹೆಚ್ಚುಕಡಿಮೆ 8ನೇ ಜನರೇಷನ್ನಿಂದ ಈಚಿನದು ಬೇಕು ಅನ್ನುತ್ತೆ. ಹಾಗಾಗಿ ಚೆನ್ನಾಗಿರೋ ಮಷೀನನ್ನೂ ಜನ ಗುಜರಿಗೆ ಹಾಕೋ ಯೋಚನೆ ಮಾಡ್ತಾರೆ. ಆದ್ರೆ ಅದರಲ್ಲಿ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕ್ಕೊಂಡ್ರೆ ಬ್ರೌಸಿಂಗು, ಮಕ್ಕಳ ಪಾಠ, ಕನ್ನಡ ಟೈಪಿಂಗು ಎಲ್ಲಾ ಆಗುತ್ತೆ, ಅದೂ ಪುಕ್ಕಟೆ.

ಸರಿ, ಮೊದಲ ಹೆಜ್ಜೆ ಏನು? ಡಾಕ್ಟರ್ ನಾಡಿ ನೋಡದೆ ಔಷಧಿ ಬರೀತಾರಾ? ಇಲ್ಲೂ ಹಾಗೇ. ಕಂಪ್ಯೂಟರ್ ನಿಧಾನ ಅನ್ನಿಸ್ದಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತೆ. ಅದರಲ್ಲಿ ಪರ್ಫಾರ್ಮೆನ್ಸ್ ಅಂತ ಇರೋದನ್ನ ನೋಡ್ತಾ ದಿನನಿತ್ಯದ ಕೆಲಸ ಮಾಡಿ. ಡಿಸ್ಕ್ 100ರಲ್ಲೇ ಸಿಕ್ಕಾಕ್ಕೊಂಡಿದ್ರೆ ತೊಂದರೆ ಹಾರ್ಡ್ ಡಿಸ್ಕಿಂದು. ಮೆಮೊರಿ 90 ದಾಟಿದ್ರೆ ರ‍್ಯಾಮ್ ಸಾಲ್ತಿಲ್ಲ. ಎರಡೂ ಸರಿಯಾಗಿದ್ದು ಸಿಪಿಯು ಒಂದೇ ಏದುಸಿರು ಬಿಡ್ತಿದ್ರೆ ಮಾತ್ರ ಪ್ರೊಸೆಸರ್ ಕಡೆ ನೋಡಿ.

ಹಳೇ ಮಷೀನುಗಳಲ್ಲಿ ಬಹುತೇಕ ಸಲ ಸಿಕ್ಕಿಬೀಳೋದು ಹಾರ್ಡ್ ಡಿಸ್ಕೇ. ಅದು ಸೆಕೆಂಡಿಗೆ 100–150 ಎಂಬಿ ಓದಿದ್ರೆ, ಸಾಟಾ ಎಸ್‌ಎಸ್‌ಡಿ 500ರ ಆಸುಪಾಸು ಓದುತ್ತೆ. ಇದಕ್ಕಿಂತ ಮುಖ್ಯ ಏನಂದ್ರೆ, ಹಾರ್ಡ್ ಡಿಸ್ಕಲ್ಲಿ ತಟ್ಟೆ ತಿರುಗಬೇಕು, ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡಬೇಕು. ಸಾವಿರಾರು ಚಿಕ್ಕ ಫೈಲುಗಳನ್ನ ಹುಡುಕೋವಾಗ ಸಮಯ ಹೋಗೋದೇ ಅಲ್ಲಿ. ಎಸ್‌ಎಸ್‌ಡಿಯಲ್ಲಿ ತಿರುಗೋ ಭಾಗವೇ ಇಲ್ಲ. ಅದಕ್ಕೇ ಅದೊಂದು ಬದಲಾಯಿಸಿದ್ರೆ ಮಷೀನಿಗೆ ಮರುಜನ್ಮ ಬಂದ ಹಾಗಾಗುತ್ತೆ.

ಇಲ್ಲಿ ನನ್ನ ಒಂದು ತಪ್ಪು ಹೇಳ್ಲೇಬೇಕು. ಮೊದಲ ಸಲ ಎಸ್‌ಎಸ್‌ಡಿ ಹಾಕ್ದಾಗ ಹಳೇ ಹಾರ್ಡ್ ಡಿಸ್ಕಿನ ಕೇಬಲ್ ಕಳಚದೇ ವಿಂಡೋಸ್ ಹಾಕೋಕೆ ಕೂತೆ. ಸ್ಕ್ರೀನ್ ಮೇಲೆ ಎರಡು ಡ್ರೈವ್: ಒಂದು 465 ಜಿಬಿ, ಇನ್ನೊಂದು 447. 500ರ ಡಿಸ್ಕು 465 ಅಂತ, 480ರ ಎಸ್‌ಎಸ್‌ಡಿ 447 ಅಂತ ತೋರಿಸುತ್ತೆ ಅನ್ನೋದು ಆಗ ನಂಗೆ ಗೊತ್ತಿರ್ಲಿಲ್ಲ. ಅಂದಾಜಲ್ಲಿ ಒಂದನ್ನ ಫಾರ್ಮ್ಯಾಟ್ ಮಾಡಿ ಅದರಲ್ಲೇ ವಿಂಡೋಸ್ ಹಾಕ್ದೆ. ಅಕ್ಕನ ಮದುವೆ ಫೋಟೋಗಳೆಲ್ಲ ಹೋದ್ವು. ಅಕ್ಕ, "ಹೋಗ್ಲಿ ಬಿಡೋ, ಮದ್ವೆ ಅಂತೂ ಆಗಿದ್ಯಲ್ಲ" ಅಂದ್ಲು. ಆದ್ರೆ ನಮ್ಮಜ್ಜಿ ನಕ್ಕೊಂಡು ನಿಂತಿದ್ದ ಕೊನೇ ಫೋಟೋ ಅದರಲ್ಲೇ ಇತ್ತು. ಎಸ್‌ಎಸ್‌ಡಿ ಇನ್ನೊಂದು ಸಿಗುತ್ತೆ, ಅದು ಸಿಗಲ್ಲ. ಅದಕ್ಕೇ ಮೊದಲು ಬ್ಯಾಕಪ್, ಆಮೇಲೆ ಸ್ಕ್ರೂಡ್ರೈವರ್. ಹೊಸದು ಇನ್‌ಸ್ಟಾಲ್ ಆಗೋ ತನಕ ಹಳೇದರ ಕೇಬಲ್ ಕಳಚಿಡಿ.

ಈಗ ಬಿಚ್ಚೋದು. ವೈರನ್ನ ಪ್ಲಗ್ಗಿಂದ ತೆಗೀರಿ, ಪವರ್ ಬಟನ್ನನ್ನ ಒಂದೆರಡು ಕ್ಷಣ ಒತ್ತಿ ಹಿಡೀರಿ, ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹ ಮುಟ್ಟಿ. ಮೈಯಲ್ಲಿರೋ ಸ್ಟ್ಯಾಟಿಕ್ ಇಳಿಯುತ್ತೆ. ಬಿಚ್ಚೋ ಮುಂಚೆ ಒಳಗಿನದರ ಫೋಟೋ ತೆಗೆದಿಟ್ಕೊಳ್ಳಿ, ಯಾವ ವೈರ್ ಎಲ್ಲಿತ್ತು ಅಂತ ನೆನಪಿಗೆ. ರ‍್ಯಾಮ್ ತಗೊಳ್ಳೋವಾಗ ಡಿಡಿಆರ್3, 4, 5 ಯಾವುದು ಅಂತ ನೋಡಿ. ಒಂದರ ಜಾಗದಲ್ಲಿ ಇನ್ನೊಂದು ಕೂರಬಾರದು ಅಂತಲೇ ಗಾಡಿಯನ್ನ ಬೇರೆ ಬೇರೆ ಕಡೆ ಕೊರೆದಿರ್ತಾರೆ. ಕೂರ್ತಿಲ್ಲ ಅಂದ್ರೆ ನಿಲ್ಲಿಸಿ, ಬಲ ಹಾಕ್ಬೇಡಿ. ಸರಿಯಾಗಿ ಕೂತ್ರೆ ಟಕ್ ಅನ್ನುತ್ತೆ. ಒಂದು ಮಾತ್ರ ಬಿಚ್ಚಲೇಬಾರದು: ಎಸ್‌ಎಂಪಿಎಸ್. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯ ಮಾಡುವಷ್ಟು ವಿದ್ಯುತ್ ಉಳಿದಿರಬಹುದು.

ಕೈ ಪಳಗಿದ ಮೇಲೆ ಪೂರ್ತಿ ಹೊಸದು ಕಟ್ಟೋಕೆ ಇಳೀಬಹುದು. ಆಗ ಪ್ರೊಸೆಸರಿನ ಸಾಕೆಟ್, ಮದರ್‌ಬೋರ್ಡಿನ ಸಾಕೆಟ್ ಎರಡೂ ಒಂದೇನಾ ನೋಡಿ. ಎಎಂಡಿಯ ಎಎಂ4 ಪ್ರೊಸೆಸರ್ ಎಎಂ5 ಬೋರ್ಡಿಗೆ ಕೂರಲ್ಲ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೇಲಿ ಎಫ್ ಇದ್ರೆ ಅದರಲ್ಲಿ ಗ್ರಾಫಿಕ್ಸ್ ಇರಲ್ಲ, ಬೇರೆ ಕಾರ್ಡ್ ಬೇಕೇ ಬೇಕು. ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೆ ಮಾನಿಟರಿನ ಕೇಬಲ್ ಆ ಕಾರ್ಡಿಗೇ ಚುಚ್ಚಿ. "ಡಿಸ್ಪ್ಲೇ ಬರ್ತಿಲ್ಲ" ಅಂತ ಗಾಬರಿ ಆಗೋರಲ್ಲಿ ಎಷ್ಟೋ ಜನ ಅದನ್ನ ಮದರ್‌ಬೋರ್ಡಿಗೆ ಚುಚ್ಚಿರ್ತಾರೆ.

ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಗೊತ್ತಿದ್ದೇ. ಅಲ್ಲಿಗೆ ಹೋಗೋವಾಗ ಮದರ್‌ಬೋರ್ಡಿನ ಮಾಡೆಲ್ ನಂಬರನ್ನ ಚೀಟೀಲಿ ಬರ್ಕೊಂಡು ಹೋಗಿ. ಜಿಎಸ್‌ಟಿ ಬಿಲ್ ಕೇಳಿ ತಗೊಳ್ಳಿ, ವಾರಂಟಿಗೆ ಬೇಕಾಗುತ್ತೆ. ಕ್ಯಾಬಿನೆಟ್ ಜೊತೆ ಫ್ರೀ ಅಂತ ಕೊಡೋ ಎಸ್‌ಎಂಪಿಎಸ್ ನಂಬ್ಕೊಂಡು ದುಬಾರಿ ಕಾರ್ಡ್ ಹಾಕ್ಬೇಡಿ. ನಮ್ಮೂರ ಕರೆಂಟು ಹೇಗಿರುತ್ತೆ ಅಂತ ನಿಮಗೇ ಗೊತ್ತಲ್ಲ.

ಕೊನೇದಾಗಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೂರು ಪಾರ್ಟ್ ಒಟ್ಟಿಗೆ ಹಾಕಿ ಮಷೀನ್ ಆನ್ ಆಗ್ಲಿಲ್ಲ ಅಂದ್ರೆ ತಪ್ಪು ಯಾವುದರದ್ದು ಅಂತ ಹುಡುಕೋದು ಕಷ್ಟ. ಈ ಭಾನುವಾರ ಬ್ಯಾಕಪ್ ತಗೊಳ್ಳಿ, ಕವರ್ ಬಿಚ್ಚಿ, ಧೂಳು ತೆಗೀರಿ, ಒಳಗೆ ಏನೇನಿದೆ ಅಂತ ಬರ್ಕೊಂಡು ಮತ್ತೆ ಮುಚ್ಚಿ. ಮೊದಲ ದಿನಕ್ಕೆ ಅಷ್ಟು ಸಾಕು.