ಎಂಜಿನ್ ಬದಲಾಯಿಸಿದ ಮೇಲೆ ಪಿಕಪ್ ಹೋಯ್ತಾ? ಕುರ್ಲಾ ಗ್ಯಾರೇಜಿನ ಪಾಠ

ಊರು ಬಿಟ್ಟು ಬಂದು ಲ್ಯಾಪ್‌ಟಾಪ್ ಮುಂದೆ ಕೂತಿರೋ ನಮ್ಮಂಥವರಿಗೆ ಇವತ್ತು ಒಂದು ಕಾರಿನ ಕಥೆ.

ನಮ್ಮಪ್ಪನದು ಕೆಎ 25 ನಂಬರಿನ ಪ್ರೀಮಿಯರ್ ಪದ್ಮಿನಿ. ಧಾರವಾಡದಲ್ಲಿ ಅವರು ಓಡಿಸೋದು ನಿಲ್ಲಿಸಿದ ಮೇಲೆ ನಾನು ಮುಂಬೈಗೆ ತಂದೆ. ಒಂದು ಲೆಕ್ಕದಲ್ಲಿ ಅದು ತವರಿಗೇ ಬಂತು. ಈ ಕಾರು ತಯಾರಾಗ್ತಿದ್ದದ್ದು ಇಲ್ಲೇ, ಕುರ್ಲಾದ ಕಾರ್ಖಾನೆಯಲ್ಲಿ. 1964ರಲ್ಲಿ ಫಿಯೆಟ್ 1100 ಡಿಲೈಟ್ ಅಂತ ಶುರುವಾದದ್ದೇ ಮುಂದೆ ಪದ್ಮಿನಿ ಆಯ್ತು. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರ್‌ನಲ್ಲಿ.

ನಮ್ಮ ಕಾರು ಹೊಗೆ ಉಗುಳೋಕೆ, ಆಯಿಲ್ ಕುಡಿಯೋಕೆ ಶುರು ಮಾಡ್ತು. ಸಿಎಸ್‌ಟಿ ರೋಡ್‌ನ ಹಳೇ ಬಿಡಿಭಾಗಗಳ ಅಂಗಡಿಯೊಂದರಿಂದ ಅದೇ ಮಾಡೆಲ್ಲಿನ ಎಂಜಿನ್ ತಂದು ಗಲ್ಲಿಯ ಗ್ಯಾರೇಜಿನಲ್ಲಿ ಕೂರಿಸಿದ್ವಿ. ಸ್ಟಾರ್ಟ್ ಆಯ್ತು, ನಿಂತಲ್ಲಿ ಚೆನ್ನಾಗೇ ಓಡ್ತು. ಆದರೆ ಎಸ್‌ಸಿಎಲ್‌ಆರ್ ಫ್ಲೈಓವರ್ ಹತ್ತುವಾಗ ಉಸಿರೇ ಇಲ್ಲ. ಸೆಕೆಂಡ್ ಗೇರ್, ಪೆಡಲ್ ನೆಲಕ್ಕೆ ತಾಗಿದೆ, ಬೆನ್ನಿಗೆ ಡಂಪರ್ ಹಾರ್ನ್ ಹೊಡೀತಿದೆ, ಹಿಂದಿನ ಸೀಟಿನಲ್ಲಿ ಮಗಳು. ಅವತ್ತು ನಿಜಕ್ಕೂ ಹೆದರಿದೆ.

1089 ಸಿಸಿ ಎಂಜಿನ್, ಹೊಸದಿದ್ದಾಗಲೂ ಸುಮಾರು 40 ಅಶ್ವಶಕ್ತಿ. ಈಗಿನ ಕಾರಿನ ಹಾಗೆ ಚಿಮ್ಮಲ್ಲ, ಸರಿ. ಆದರೆ ಸವೆದುಹೋದ ಹಳೇ ಎಂಜಿನ್ನೇ ಇದಕ್ಕಿಂತ ಚೆನ್ನಾಗಿ ಎಳೀತಿತ್ತು!

ಗ್ಯಾರೇಜಿನ ಚಾಚಾ ಹೇಳಿದ್ರು, ಎಂಜಿನ್ನೇ ಸರಿ ಇಲ್ಲ ಅಂತ. ಅಂಗಡಿಯವರು ಹೇಳಿದ್ರು, ಕೂರಿಸಿದ್ದು ಸರಿ ಇಲ್ಲ ಅಂತ. ಆಫೀಸಿನಲ್ಲಿ ಎರಡು ಟೀಮಿನ ಜಗಳ ನೋಡಿದೀರಲ್ಲ, ಅದೇ. ಸಿಟ್ಟಿನಲ್ಲಿ ನಾನು ಚಾಚಾಗೆ, ಬಾಕಿ ಮಜೂರಿ ಕೊಡಲ್ಲ, ಎಂಜಿನ್ ಇಳಿಸಿಬಿಡಿ ಅಂದೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ: "ಎಂಜಿನ್ ಆಮ್ಯಾಲೆ ಬೈಯ್ಯಪಾ. ಬಿಚ್ಚಿ ಮತ್ತ ಹಾಕಿದ್ದು ಏನೇನೈತಿ, ಮೊದಲ ಅದನ್ನ ನೋಡೀಯೇನ?"

ನಾಚಿಕೆ ಆಯ್ತು. ಡಿಪ್ಲಾಯ್ ಆದ ಮೇಲೆ ಆ್ಯಪ್ ನಿಧಾನ ಆದ್ರೆ ನಾವು ಮೊದಲು ನೋಡೋದು ಏನು ಬದಲಾಯ್ತು ಅಂತ ತಾನೇ? ಶನಿವಾರ ಚಾಚಾ ಜೊತೆ ಕೂತು ಸಾಲಾಗಿ ನೋಡಿದೆ. ನೀವೂ ಇದೇ ಕ್ರಮದಲ್ಲಿ ನೋಡಿ.

ಒಂದು, ಕಾರನ್ನ ಏನಾದ್ರೂ ಹಿಡಿದುಕೊಂಡಿದೆಯಾ? ಜಾಕ್ ಹಾಕಿ ಚಕ್ರ ಕೈಯಲ್ಲಿ ತಿರುಗಿಸಿ. ಬಿಗಿ ಇದ್ದರೆ ಬ್ರೇಕ್ ಹಿಡೀತಿದೆ. ಎಂಜಿನ್ ಕೂಗಾಡ್ತಿದ್ದರೂ ವೇಗ ಏರದಿದ್ದರೆ ಕ್ಲಚ್ ಜಾರ್ತಿದೆ.

ಎರಡು, ಎಂಜಿನ್ ಆಫ್ ಮಾಡಿ, ಏರ್ ಫಿಲ್ಟರ್ ತೆಗೆದು, ಒಬ್ಬರು ಪೆಡಲ್ ಪೂರ್ತಿ ಒತ್ತಲಿ, ಇನ್ನೊಬ್ಬರು ಕಾರ್ಬ್ಯುರೇಟರ್ ಒಳಗೆ ನೋಡಲಿ. ಚೋಕ್ ಪೂರ್ತಿ ತೆರೆದಿರಬೇಕು, ಥ್ರಾಟಲ್ ಪೂರ್ತಿ ತೆರೀಬೇಕು. ನಮ್ಮದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ! ಪೆಡಲಿನ ಲಿಂಕೇಜ್ ತಪ್ಪಾಗಿ ಜೋಡಿಸಿತ್ತು.

ಮೂರು, ಪೆಟ್ರೋಲ್ ಫಿಲ್ಟರ್. ನಿಂತೇ ಇದ್ದ ಕಾರಿನ ಟ್ಯಾಂಕಿನಲ್ಲಿ ತುಕ್ಕು ಇರುತ್ತೆ. ನಿಂತಲ್ಲಿ ಸಾಕಾಗೋ ಪೆಟ್ರೋಲು ಏರಿನಲ್ಲಿ ಸಾಲದು.

ನಾಲ್ಕು, ಟೈಮಿಂಗ್ ಲೈಟ್. ಎಂಜಿನ್ ವೇಗ ಏರಿದಂತೆ ಕಿಡಿ ಇನ್ನೂ ಬೇಗ ಹಾರಬೇಕು. ಡಿಸ್ಟ್ರಿಬ್ಯೂಟರ್ ಒಳಗಿನ ಚಿಕ್ಕ ತೂಕಗಳು ಹೊರಕ್ಕೆ ಸರಿದು ಆ ಕೆಲಸ ಮಾಡ್ತವೆ. ನಮ್ಮದರಲ್ಲಿ ಅವು ಸರಿ ಇದ್ದವು, ಆದರೆ ಡಿಸ್ಟ್ರಿಬ್ಯೂಟರ್ ಕೂರಿಸಿದ್ದೇ ತಡದ ಕಡೆಗೆ. ಸ್ವಲ್ಪ ತಿರುಗಿಸಿ ಬಿಗಿ ಮಾಡಿದ್ವಿ.

ಕೊನೆಗೆ ಕಂಪ್ರೆಷನ್ ಗೇಜ್. ನಾಲ್ಕೂ ಸಿಲಿಂಡರ್ ಹೆಚ್ಚುಕಮ್ಮಿ ಒಂದೇ ಸಮ. ನಾನು ಇಳಿಸಿ ಅಂದಿದ್ದ ಎಂಜಿನ್ ಗಟ್ಟಿಯಾಗೇ ಇತ್ತು.

ಮತ್ತೆ ಅದೇ ಫ್ಲೈಓವರ್. ಈ ಸಲ ಮೂರನೇ ಗೇರಿನಲ್ಲಿ ಹತ್ತಿತು. ವಾಪಸ್ ಬಂದು ಚಾಚಾಗೆ ಬಾಕಿ ಕೊಟ್ಟು, ಮಾಫ್ ಮಾಡಿ ಅಂದೆ. ತಪ್ಪು ಜೋಡಿಸಿದ್ದು ಅವರೇ, ನಿಜ. ಆದರೆ ನೋಡದೇ ತೀರ್ಪು ಕೊಟ್ಟದ್ದು ನಾನು.

ಇನ್ನೊಂದು ಮಾತು. ಎಂಜಿನ್ ಬದಲಾಯಿಸಿದ್ರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಮೊದಲೇ ಒಪ್ಪಿಗೆ ಪಡೆದಿಲ್ಲದಿದ್ರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಆರ್‌ಸಿ ತಿದ್ದಿಸ್ಕೊಳ್ಳಿ.

ನಿಮ್ಮ ಹಳೇ ಕಾರಿನ ಕಥೆ ಇದ್ರೆ ಹೇಳಿ. ಮುಂದಿನ ಮಾತಿನಲ್ಲಿ ಸಿಗೋಣ, ನಮಸ್ಕಾರ.