ಪಂಚಭೂತದ ಪಾಠಕ್ಕೆ ಅಮ್ಮನೇ ಮೊದಲ ಟೀಚರ್

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತು)



ಸಂಘದಲ್ಲಿ ಉಳಿತಾಯ, ಸಾಲ, ಮರುಪಾವತಿಯ ಲೆಕ್ಕ ಮುಗಿದ ಮೇಲೆ ನಾವು "ಮಕ್ಕಳ ಓದು ಹೇಗಿದೆಯಮ್ಮಾ?" ಅಂತ ಕೇಳುತ್ತೇವೆ. ರಾಮನಗರವಾಗಲಿ, ಚನ್ನಪಟ್ಟಣವಾಗಲಿ, ಕನಕಪುರ, ಮಾಗಡಿಯಾಗಲಿ, ಬರುವ ಉತ್ತರ ಒಂದೇ. "ನಮಗೇನು ಗೊತ್ತಾಗುತ್ತೆ ಸಿಸ್ಟರ್, ನಾವು ಓದಿದವರಾ? ಅದೆಲ್ಲ ಮೇಷ್ಟ್ರು ನೋಡ್ಕೋತಾರೆ."

ನೀವು ಓದಿರುವುದು ಕಡಿಮೆ ಇರಬಹುದು. ಆದರೆ ನಿಮಗೆ ಗೊತ್ತಿರುವುದು ಕಡಿಮೆಯಲ್ಲ. ಮಣ್ಣು, ನೀರು, ಬೆಂಕಿ, ಗಾಳಿ, ಆಕಾಶ - ಈ ಐದನ್ನು ನಮ್ಮ ಹಿರಿಯರು ಪಂಚಭೂತ ಅಂದರು. ಬೆಳಗಿನಿಂದ ರಾತ್ರಿವರೆಗೆ ನೀವು ದುಡಿಯುವುದು ಇವುಗಳ ಜೊತೆಯಲ್ಲೇ. ಮಗುವಿನ ಎಲ್ಲ ಪುಸ್ತಕಗಳಲ್ಲೂ ಇರುವುದು ಇವೇ.

ಚಿಕ್ಕ ತರಗತಿಗಳಲ್ಲಿ ನಲಿ-ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಅದು. ಅಲ್ಲಿ ಮಕ್ಕಳು ಹಾಡುತ್ತಾ, ಎಣಿಸುತ್ತಾ, ಸುತ್ತಮುತ್ತ ನೋಡುತ್ತಾ ಕಲಿಯುತ್ತಾರೆ. ಆರನೇ ತರಗತಿಗೆ ಬಂದರೆ ವಿಜ್ಞಾನ ಬೇರೆ, ಸಮಾಜ ಬೇರೆ, ಗಣಿತ ಬೇರೆ. ಒಂದಕ್ಕೊಂದು ಸಂಬಂಧ ಕಾಣದೆ ಎಷ್ಟೋ ಮಕ್ಕಳಿಗೆ ಓದು ಭಾರವಾಗುತ್ತದೆ. "ಓದು ಹತ್ತಲ್ಲ, ಕೆಲಸಕ್ಕಾದರೂ ಹೋಗಲಿ" ಎಂಬ ಮಾತು ಮನೆಯಲ್ಲಿ ಹುಟ್ಟುವುದು ಆಗಲೇ. ಆ ಸಂಬಂಧವನ್ನು ತೋರಿಸಿಕೊಡುವ ಶಕ್ತಿ ನಿಮ್ಮಲ್ಲಿದೆ. ಒಂದೊಂದಾಗಿ ನೋಡೋಣ.

ಮಣ್ಣು

ರಾಮದೇವರ ಬೆಟ್ಟವನ್ನು ದಿನಾ ನೋಡುತ್ತೇವೆ. ಆ ಬಂಡೆಗೆ ಸುಮಾರು 250 ಕೋಟಿ ವರ್ಷ ವಯಸ್ಸು. 250 ಕೋಟಿ ಬರೆಯಲು ಎಷ್ಟು ಸೊನ್ನೆ ಬೇಕು? ಮಗು ಎಣಿಸಲಿ, ಅದು ಗಣಿತ. ಈ ಕಲ್ಲಿಗೆ ಭೂಗರ್ಭ ಶಾಸ್ತ್ರದಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರು. ಬ್ರಿಟಿಷರ ಕಾಲದಲ್ಲಿ ಬ್ಯಾರಿ ಕ್ಲೋಸ್ ಎಂಬ ಅಧಿಕಾರಿಯ ಹೆಸರಿನಿಂದ ರಾಮನಗರವನ್ನು ಕ್ಲೋಸ್‌ಪೇಟೆ ಅನ್ನುತ್ತಿದ್ದರು. ಅದು ಚರಿತ್ರೆ. ಬಂಡೆ ಬಿಸಿಲು ಮಳೆಗೆ ಸವೆದು ಮಣ್ಣಾಗಿ, ಆ ಮಣ್ಣಿನಲ್ಲಿ ನಮ್ಮ ರಾಗಿ ಬೆಳೆಯುತ್ತದೆ. ಅದು ವಿಜ್ಞಾನ. ಒಂದು ಬೆಟ್ಟ, ಮೂರು ಪಾಠ!

ನೀರು

ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ, ಮಾಗಡಿ, ರಾಮನಗರದ ಕಡೆ ಹರಿದು, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿ ಸೇರುತ್ತಾಳೆ. ಮಗುವಿನ ಕೈಯಲ್ಲಿ ಇದರ ನಕ್ಷೆ ಬರೆಸಿ. ಬೆಂಗಳೂರಿಗೆ ಕುಡಿಯುವ ನೀರು ಕೊಡಲು 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿದ್ದು ಇದೇ ಹೊಳೆಗೆ. ಇತ್ತ ವೃಷಭಾವತಿ ಬೆಂಗಳೂರಿನ ಕೊಳಚೆ ಹೊತ್ತು ಬೈರಮಂಗಲ ಕೆರೆಗೆ ಬಂದು, ಮುಂದೆ ಅರ್ಕಾವತಿಯನ್ನೇ ಸೇರುತ್ತದೆ. ಒಳ್ಳೆಯ ನೀರು ಅವರಿಗೆ, ಕೊಳಚೆ ನಮಗೆ ಯಾಕೆ? ಇಂಥ ಪ್ರಶ್ನೆ ಕೇಳುವುದನ್ನು ಮಕ್ಕಳು ಸಮಾಜ ವಿಜ್ಞಾನದ ಪಾಠದಲ್ಲಿ ಕಲಿಯಬೇಕು. ಇನ್ನು 15 ಲೀಟರ್ ಬಿಂದಿಗೆಯಲ್ಲಿ ಅಮ್ಮ ಹತ್ತು ಸಲ ನೀರು ಹೊತ್ತರೆ ಎಷ್ಟು ಲೀಟರ್? ಈ ಲೆಕ್ಕ ಮಗನಿಗೂ ಕೊಡಿ. ಲೆಕ್ಕ ಆದ ಮೇಲೆ ಎರಡು ಬಿಂದಿಗೆ ಅವನೂ ತರಲಿ!

ಬೆಂಕಿ

ನೂಲು ಬಿಚ್ಚುವ ಕಡೆ ರೇಷ್ಮೆ ಗೂಡನ್ನು ಯಾಕೆ ಬಿಸಿನೀರಿಗೆ ಹಾಕುತ್ತೀರಿ? ಎಳೆಗೆ ಹತ್ತಿರುವ ಅಂಟು ಮೆತ್ತಗಾಗಿ ಎಳೆ ಬಿಡಲಿ ಅಂತ. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹತ್ತುವುದು ಹೇಗೆ? ಅಲ್ಲಿ ಬೆಂಕಿಯೇ ಕಾಣುವುದಿಲ್ಲ. ಗರಗರ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜಾಟದ ಬಿಸಿಗೇ ಅರಗು ಕರಗಿ ಅಂಟಿಕೊಳ್ಳುತ್ತದೆ. ವಿಜ್ಞಾನದ ಪುಸ್ತಕದಲ್ಲಿ ಇದಕ್ಕೆ ಘರ್ಷಣೆ ಅಂತಾರೆ. ರೇಷ್ಮೆಯಂತೆ ಅರಗೂ ಹುಳುವಿನಿಂದಲೇ ಬರುವುದು ಎಂದು ಹೇಳಿ ನೋಡಿ, ಮಕ್ಕಳ ಕಣ್ಣು ಅರಳುತ್ತೆ.

ಗಾಳಿ

ಹುಳು ಸಾಕುವ ಮನೆಗೆ ಗಾಳಿ ಆಡಬೇಕು, ಇಲ್ಲದಿದ್ದರೆ ಹುಳುವಿಗೆ ರೋಗ ಬರುತ್ತೆ ಎಂದು ನಿಮಗೆ ಗೊತ್ತು. ಗಾಳಿಯ 100 ಪಾಲಿನಲ್ಲಿ ಸುಮಾರು 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಅದು ಶೇಕಡಾ ಲೆಕ್ಕ. ನಮ್ಮ ಸಂಘದ ಬಡ್ಡಿ ಲೆಕ್ಕವೂ ಶೇಕಡಾ ಲೆಕ್ಕವೇ ತಾನೇ? ರಾಮದೇವರ ಬೆಟ್ಟದ ರಣಹದ್ದುಗಳು ರೆಕ್ಕೆ ಬಡಿಯದೆ ತೇಲುವುದು ಮೇಲಕ್ಕೇಳುವ ಬಿಸಿ ಗಾಳಿಯ ಬಲದಿಂದ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ, ಸತ್ತ ದನ ತಿಂದ ಹದ್ದುಗಳನ್ನು ಕೊಂದಿತು. ದನಗಳಿಗೆ ಆ ಔಷಧ ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. 2012ರಲ್ಲಿ ಬೆಟ್ಟ ರಣಹದ್ದು ಧಾಮವಾಯಿತು.

ಆಕಾಶ

ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರ ಮಳೆ ಅಂತ ನೀವು ಲೆಕ್ಕ ಇಟ್ಟೇ ಬಿತ್ತನೆ ಮಾಡುತ್ತೀರಿ. ಸೂರ್ಯ ಯಾವ ನಕ್ಷತ್ರದಲ್ಲಿ ಕಾಣುತ್ತಾನೋ ಆ ಮಳೆ. ವರ್ಷದ 365 ದಿನವನ್ನು 27 ನಕ್ಷತ್ರಕ್ಕೆ ಹಂಚಿದರೆ ಒಂದಕ್ಕೆ ಸುಮಾರು 13 ಅಥವಾ 14 ದಿನ. ಈ ಭಾಗಾಕಾರವನ್ನು ಮಗು ಮಾಡಲಿ. ಮಳೆಯ ಮೇಲೆ ಅಜ್ಜಿಗೆ ಗೊತ್ತಿರುವ ಗಾದೆಗಳನ್ನು ಕೇಳಿ ಬರೆದುಕೊಳ್ಳಲಿ. ಅದು ಕನ್ನಡ ಪಾಠ.

ಎರಡು ಎಚ್ಚರಿಕೆ

ಒಂದು. ಪಂಚಭೂತ ಹಳೆಯ ಕಾಲದ ಜ್ಞಾನ. ಗ್ರೀಕರು ಆಕಾಶ ಬಿಟ್ಟು ಉಳಿದ ನಾಲ್ಕನ್ನು ಎಣಿಸಿದರು. ಚೀನಾದವರು ಮರ, ಬೆಂಕಿ, ಮಣ್ಣು, ಲೋಹ, ನೀರು ಅಂದರು. ಆದ್ದರಿಂದ ಇದು ಒಂದು ಜಾತಿಗೋ ಒಂದು ಧರ್ಮಕ್ಕೋ ಸೇರಿದ ಪಾಠವಲ್ಲ, ಎಲ್ಲರ ಮನೆಗೂ ಸಲ್ಲುತ್ತದೆ. ಆದರೆ ಪರೀಕ್ಷೆಯಲ್ಲಿ "ಧಾತು ಎಂದರೇನು?" ಎಂದು ಕೇಳಿದರೆ ಪಂಚಭೂತ ಬರೆದರೆ ತಪ್ಪು. ಇಂದಿನ ವಿಜ್ಞಾನ 118 ಧಾತುಗಳನ್ನು ಗುರುತಿಸಿದೆ. ನೀರು ಜಲಜನಕ, ಆಮ್ಲಜನಕ ಎಂಬ ಎರಡು ಧಾತು ಸೇರಿ ಆದದ್ದು. ಗಾಳಿ ಒಂದು ಮಿಶ್ರಣ. ಬೆಂಕಿ ವಸ್ತುವೇ ಅಲ್ಲ, ಉರಿಯುವ ಕ್ರಿಯೆ. ಹಿರಿಯರು ಕಣ್ಣಿಗೆ ಕಂಡದ್ದರಿಂದ ಶುರು ಮಾಡಿದರು, ಮಕ್ಕಳೂ ಅಲ್ಲಿಂದ ಶುರು ಮಾಡಿ ಮುಂದೆ ಹೋಗಲಿ.

ಎರಡು. ಇದು ಬಹಳ ಮುಖ್ಯ. ಮಗು ನೋಡಿ ಕಲಿಯಲಿ ಅಂದೆವು, ಕೆಲಸಕ್ಕೆ ಕೂರಿಸಿ ಅನ್ನಲಿಲ್ಲ. ರೇಷ್ಮೆ ಘಟಕಗಳಲ್ಲಿ ಮುಂಗಡ ಸಾಲಕ್ಕೆ ಸಿಕ್ಕಿ ಮಕ್ಕಳು ದುಡಿಯುತ್ತಿದ್ದ ಸಂಗತಿಯನ್ನು ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆಯ 2003ರ ವರದಿ ಲೋಕದ ಮುಂದೆ ಇಟ್ಟಿತು. ಕುದಿಯುವ ನೀರಿಗೆ ಪುಟ್ಟ ಕೈ ಹಾಕಿದ ಆ ಮಕ್ಕಳು ಬಿಸಿಯ ಪಾಠವನ್ನು ಬೊಬ್ಬೆಯಿಂದ ಕಲಿತರು. ಅಂಥ ಪಾಠ ಇನ್ನು ಯಾವ ಮಗುವಿಗೂ ಬೇಡ. 14 ವರ್ಷದೊಳಗಿನವರನ್ನು ಕೂಲಿಗೆ ಇಟ್ಟುಕೊಳ್ಳುವುದು ಅಪರಾಧ. 2016ರ ತಿದ್ದುಪಡಿ ಪ್ರಕಾರ 18 ತುಂಬುವವರೆಗೆ ಅಪಾಯದ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಕೈ ಸಾಲ ತೀರಿಸಲು ಮಗುವನ್ನು ಕಳಿಸುವ ಸ್ಥಿತಿ ಯಾರಿಗಾದರೂ ಬಂದರೆ ಮೊದಲು ಸಂಘಕ್ಕೆ ಹೇಳಿ. ಸಂಘ ಇರುವುದು ಅದಕ್ಕೇ.

ಮುಂದಿನ ಸಭೆಯೊಳಗೆ ಮಾಡಬೇಕಾದ್ದು:

1. ವಾರಕ್ಕೆ ಒಂದು ಭೂತ ಆರಿಸಿಕೊಳ್ಳಿ. ರಾತ್ರಿ ಊಟದ ಹೊತ್ತಿಗೆ ಹತ್ತು ನಿಮಿಷ ಟಿ.ವಿ., ಮೊಬೈಲ್ ಆರಿಸಿ, ನಿಮ್ಮ ಕೆಲಸದ ಬಗ್ಗೆ ಮಗುವಿಗೆ ಹೇಳಿ.

2. "ಇದು ನಿನ್ನ ಯಾವ ಪುಸ್ತಕದಲ್ಲಿದೆ, ತೋರಿಸು" ಅಂತ ಕೇಳಿ. ನಿಮಗೆ ಓದಲು ಬಾರದಿದ್ದರೆ ಮಗು ಓದಿ ಹೇಳಲಿ. ಇದರಿಂದ ಮಗುವಿಗೂ ಲಾಭ, ನಿಮಗೂ ಲಾಭ.

3. ಎಸ್.ಡಿ.ಎಂ.ಸಿ.ಯಲ್ಲಿ ಇರುವವರು ಮುಖ್ಯ ಶಿಕ್ಷಕರ ಹತ್ತಿರ ಮಾತಾಡಿ. ಬೊಂಬೆ ಮಾಡುವ ಕಡೆಗೋ ಹುಳು ಸಾಕುವ ಮನೆಗೋ ಮಕ್ಕಳನ್ನು ಒಂದು ದಿನ ಕರೆದುಕೊಂಡು ಬರಲಿ. ಅಲ್ಲಿ ವಿವರಿಸಿ ಹೇಳುವವರು ನೀವೇ ಆಗಿ.

ಮುಂದಿನ ತಿಂಗಳು ಉಳಿತಾಯದ ಲೆಕ್ಕ ಆದ ಮೇಲೆ, ಮಗು ಕೇಳಿದ ಯಾವ ಪ್ರಶ್ನೆಗೆ ಉತ್ತರ ಗೊತ್ತಾಗಲಿಲ್ಲ ಎಂದು ಒಬ್ಬೊಬ್ಬರೂ ಹೇಳಬೇಕು. ಉತ್ತರವನ್ನು ಎಲ್ಲರೂ ಸೇರಿ ಹುಡುಕೋಣ.